ಉಪ್ಪುನೀರಿನ ಬೆಳಗು

ಉಪ್ಪಿನಕಾಯಿಯ ಭರಣಿ ಅದು, ನನ್ನವಳ ತವರಿನದು.
ಬಾಯಿ ಒಡೆದಿತ್ತು ಅಂತ ಕೊಟ್ಟಳು.
ಅದರ ತುಂಬ ನೀರು, ನೀರಿಗೆ ಮೂರು ಹಿಡಿ ಕಲ್ಲುಪ್ಪು,
ತಳದಲ್ಲೊಂದು ತಗಡು,
ಹುರಿಗೆ ನೇತುಬಿದ್ದ ಇನ್ನೊಂದು ತಗಡು.
ಹುರಿ ಇಳಿಸಿದರೆ ರಂಗದ ಮೇಲೆ ಬೆಳಗು,
ಎತ್ತಿದರೆ ಸಂಜೆ.
ನಡುವೆ ಬೆರಳಿಟ್ಟರೆ ನಾನೇ ಇಲ್ಲ.

ಕಂಬ ಹತ್ತುವ ಲೈನ್‌ಮನ್ ನಾನು. ಹಗಲು
ಊರಿಗೆ ಬೆಳಕು ಕೊಟ್ಟರೆ ಸಂಬಳ.
ರಾತ್ರಿ, ಅರಸೀಕೆರೆ ಸ್ಟೇಷನ್ನಿನ ಬೆನ್ನಿಗೆ
ಚಂದ್ರಪ್ರಭಣ್ಣನ ಕೊಬ್ಬರಿ ಗೋದಾಮಿನ ಅಟ್ಟದಲ್ಲಿ
ಬಿಡುವು ಬಳಗದ ಆರು ದೀಪಕ್ಕೆ ಏನೂ ಇಲ್ಲ.
"ಸಂಬಳವಿಲ್ಲದ ಚಾಕರಿಗೆ ಉಪ್ಪೂ ನಮ್ಮನೆಯದೇ?"
ಅಂದಿದ್ದಳು, ಮೊದಲ ವರ್ಷ.
ಎರಡನೇ ವರ್ಷ ಏನೂ ಅನ್ನಲಿಲ್ಲ.
ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ
ಇನ್ನೊಂದು ಡಬ್ಬಿ ಕೂತಿತ್ತು.

ರಾಜನೋ ಅಂಬಿಗನೋ, ದಪ್ಪ ದನಿಯ ಪಾತ್ರವೆಲ್ಲ
ಕಂಡಕ್ಟರ್ ಬೋರಲಿಂಗಯ್ಯನಿಗೆ. ಮಾತು ಮರೆತಾಗ
ಬಾಯಿಗೆ ಬರುವುದು "ರೈಟ್" ಒಂದೇ.
ಟೈಲರ್ ಫಯಾಜ್ ಯಾರದೋ ಮದುವೆಯ ಪರದೆ ಕತ್ತರಿಸಿ
ಸೇನಾಪತಿಗೆ ಅಂಗಿ ಹೊಲಿದ; ಬೆನ್ನ ಮೇಲೆ
"ಶುಭ" ಉಳಿದಿತ್ತು. ಸೇನಾಪತಿ ಇಡೀ ನಾಟಕ
ಬೆನ್ನು ತೋರಿಸದೆ ಗೆದ್ದ.

ಎರಡನೇ ಅಂಕಕ್ಕೆ ಸರಿಯಾಗಿ ಗೂಡ್ಸು ಗಾಡಿ.
ಕೊನೆಯ ಡಬ್ಬಿ ದಾಟುವ ತನಕ
ಎತ್ತಿದ ಕತ್ತಿ ಎತ್ತಿದಲ್ಲೇ.
ನೋಡುವವರೂ ಉಸಿರು ಹಿಡಿದು ಡಬ್ಬಿ ಎಣಿಸುತ್ತಾರೆ.

ಆ ಸಲದ ನಾಟಕದ ಕೊನೆಗೊಂದು ಬೆಳಗು.
ಕತ್ತಲಲ್ಲಿ ಅಂಬಿಗ ಒಬ್ಬನೇ. ಬೆಳಕು ಹರಿದಾಗ
ದಡದಲ್ಲಿ ಅವಳು ನಿಂತಿರಬೇಕು,
"ದಾಟಿಸುತ್ತೀಯಾ?" ಅಂತ ಕೇಳಬೇಕು.
ಅವಳೆಂದರೆ ನಂಜಾಮಣಿ, ತಾಲ್ಲೂಕು ಆಸ್ಪತ್ರೆಯ ನರ್ಸು.
ಅಂಕದ ಮಧ್ಯೆ ಫೋನು: ಅವಳಿ ಮಕ್ಕಳು, ಡಾಕ್ಟರು ಹಾಸನದಲ್ಲಿ.
ಬಣ್ಣದ ಮುಖದಲ್ಲೇ ಸ್ಕೂಟಿ ಹತ್ತಿದಳು.
"ಬರ್ತೀನಿ. ಬೆಳಗು ಮಾಡಬೇಡಿ."

ಮಾಡಲಿಲ್ಲ.
ಕೂದಲೆಳೆಯಷ್ಟು ಇಳಿಸಿದೆ ಹುರಿಯನ್ನು, ತಡೆದೆ,
ಇನ್ನೊಂದು ಎಳೆ. ಬೋರಲಿಂಗಯ್ಯ ಆಕಳಿಸಿದ,
ಹುಟ್ಟು ಒರೆಸಿದ, ಇಲ್ಲದ ಬೀಡಿ ಸೇದಿದ.
ಆದರೆ ಉಪ್ಪುನೀರಿನ ಗುಣ ಬೇರೆ:
ಕಾದಷ್ಟೂ ಕರೆಂಟಿಗೆ ದಾರಿ ಸಲೀಸು,
ನಾನು ಇಳಿಸದಿದ್ದರೂ ಸೂರ್ಯ ತಾನಾಗಿ ಏರುತ್ತಾನೆ.
ಭರಣಿ ಗುಳುಗುಳು ಅಂದಿತು.
ಫಯಾಜ್ ಕುಡಿಯುವ ನೀರಿನ ಕೊಡವನ್ನೇ ಹೊತ್ತು ತಂದ.
ಮೇನು ಆರಿಸುವ ಹಾಗಿಲ್ಲ. ರಬ್ಬರ್ ಕೈಗವಸಿನಲ್ಲಿ,
ದೇವರ ಮೇಲೆ ಭಾರ ಹಾಕಿ, ಲೋಟ ಲೋಟ ಹೊಯ್ದೆ.
ಸೂರ್ಯ ಏಳಲಿ ಅಂತ ಅರ್ಘ್ಯ ಬಿಡುವವರನ್ನು ಕಂಡಿದ್ದೇನೆ.
ನಾವು ಬಿಟ್ಟದ್ದು,
ಇನ್ನೂ ಸ್ವಲ್ಪ ಮಲಗಿರಪ್ಪಾ ಅಂತ.

ಹತ್ತೊಂಬತ್ತು ನಿಮಿಷ. ಒಂದು ಕೆಮ್ಮೂ ಇಲ್ಲ.

ಆಮೇಲೆ ಮರದ ಮೆಟ್ಟಿಲು ಕಿರ್ರೆಂದಿತು.
ಹುರಿ ಬಿಟ್ಟೆ.
ದಡದಲ್ಲಿ ನಂಜಾಮಣಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇದೆ,
ಹಣೆಯ ಬಣ್ಣ ಬೆವರಿಗೆ ಇಳಿದಿದೆ.
ಕೇಳಬೇಕಾದ್ದನ್ನು ಕೇಳಲಿಲ್ಲ ಅವಳು.
"ಎರಡೂ ದಾಟಿದವು," ಅಂದಳು.
ಬೋರಲಿಂಗಯ್ಯ ಅವಳ ಮುಖ ನೋಡಿದ, ನೋಡಿದ,
"ರೈಟ್," ಅಂದ.
ನಾಟಕ ಅಲ್ಲಿಗೆ ಮುಗಿಯಿತು.
ಮುಂದೆ ಇನ್ನೂ ಎರಡು ಪುಟ ಇದ್ದವು.

ಈಗ ಚಂದಾ ಎತ್ತಿ ತಂದ ಎಲ್‌ಇಡಿ ಬೋರ್ಡಿದೆ.
ಡಿಪ್ಲೊಮಾ ಓದುವ ಗಾನವಿ ಒಂದು ಬೆರಳು ಜಾರಿಸುತ್ತಾಳೆ,
ಹನ್ನೆರಡು ಸೆಕೆಂಡಿಗೆ ಬೆಳಗು. ಒಳ್ಳೆಯದೇ.
ಯಾರೂ ಸಾಯಬೇಕಿಲ್ಲ.
ಭರಣಿ ಮೆಟ್ಟಿಲ ಕೆಳಗಿದೆ. ನೀರು ಆರಿ
ಒಳಗೋಡೆಗೆ ಬಿಳೀ ಗೆರೆಗಳು, ಒಂದರ ಕೆಳಗೊಂದು.
ಮನೆಯಲ್ಲಿ ಎರಡನೇ ಡಬ್ಬಿಗೆ ಈಗಲೂ ಉಪ್ಪು ಬೀಳುತ್ತದೆ.
ಯಾಕೆ ಅಂದರೆ,
"ಕರೆಂಟು ಹೋದರೆ ಬೇಕಾಗ್ತದಲ್ಲ?" ಅನ್ನುತ್ತಾಳೆ.
ಕರೆಂಟು ಹೋದರೆ ಭರಣಿಯೂ ಕತ್ತಲೇ.
ಲೈನ್‌ಮನ್ನಿನ ಹೆಂಡತಿಗೆ
ನಾನಿನ್ನೂ ಅದನ್ನು ಹೇಳಿಲ್ಲ.